ಕಾರ್ಡಿನ ಹಣ ಯಾವಾಗ ನಮ್ಮದಾಗುತ್ತದೆ? ಅಳತೆಗೆ ಪೀಠೋಪಕರಣ ಮಾಡುವ ಸಂಸ್ಥೆಯೊಂದರ ಪ್ರಕರಣ ಅಧ್ಯಯನ

ಗ್ರಾಹಕರು ಕೊಟ್ಟ ಅಳತೆಗೆ ತಕ್ಕಂತೆ ಮೇಜು, ಕಪಾಟು, ಪುಸ್ತಕದ ಶೆಲ್ಫ್ ಮಾಡಿಕೊಡುವ ಚಿಕ್ಕ ಸಂಸ್ಥೆಯೊಂದರ ಪ್ರಕರಣ ಇದು. ವಿಚಾರಣೆ ಬಂದ ಮೇಲೆ ನಕ್ಷೆ ತಯಾರಾಗುತ್ತದೆ, ಗ್ರಾಹಕರು ನಕ್ಷೆಗೆ ಒಪ್ಪಿಗೆ ಕೊಡುತ್ತಾರೆ, ಆಮೇಲೆ ಮರಗೆಲಸ ಶುರು. ಸಾಮಾನು ಮನೆ ಸೇರುವಷ್ಟರಲ್ಲಿ ಆರರಿಂದ ಎಂಟು ವಾರ ಕಳೆದಿರುತ್ತದೆ. ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಮೊದಲು ಒಂದು ವಿಚಾರಣೆ ಫಾರಂ ಮಾತ್ರ ಇತ್ತು; ಹಣವೆಲ್ಲ ಬ್ಯಾಂಕ್ ವರ್ಗಾವಣೆಯಲ್ಲೇ ಬರುತ್ತಿತ್ತು. ನಕ್ಷೆಗೆ ಒಪ್ಪಿದವರು ಕೂಡ ಹಣ ಕಳಿಸುವ ಹಂತದಲ್ಲಿ ಸುಮ್ಮನಾಗಿಬಿಡುತ್ತಿದ್ದರು. "ಕಾರ್ಡ್ ತಗೊಳ್ತೀರಾ?" ಎಂದು ಕೇಳಿ, ಇಲ್ಲ ಅಂದ ಕೂಡಲೇ ಮಾತು ಮುಗಿಸಿದವರೂ ಇದ್ದರು. ವೆಬ್‌ಸೈಟ್‌ನಲ್ಲೇ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಬೇಕೆಂದು ಮಾಲೀಕರು ನಿರ್ಧರಿಸಿದರು. ಯಾವ ದಾರಿಯಲ್ಲಿ ಎಂಬುದನ್ನು ನೋಡಿ ಹೇಳಿ ಎಂದು ನನ್ನನ್ನು ಕರೆದರು.

ಮೇಜಿನ ಮೇಲೆ ಮೂರು ಪ್ರಸ್ತಾವಗಳಿದ್ದವು. ಮೊದಲನೆಯದು ಅವರ ವೆಬ್ ಡೆವಲಪರ್ ಕೊಟ್ಟದ್ದು: ನಮ್ಮದೇ ಪುಟದಲ್ಲಿ ಕಾರ್ಡ್ ವಿವರ ತುಂಬಿಸಿಕೊಂಡು, ನಮ್ಮ ಸರ್ವರ್‌ನಿಂದ ಗೇಟ್‌ವೇಗೆ, ಅಂದರೆ ಅದನ್ನು ಬ್ಯಾಂಕುಗಳಿಗೆ ಮುಟ್ಟಿಸುವ ಸೇವೆಗೆ, ಕಳಿಸುವುದು. ಎರಡನೆಯದು ಸಂಸ್ಥೆಯ ಖಾತೆ ಇರುವ ಬ್ಯಾಂಕಿನದು: ಕಾರ್ಡಿನ ಹಣ ಪಡೆಯಲೆಂದೇ ಪ್ರತ್ಯೇಕ ಮರ್ಚೆಂಟ್ ಖಾತೆ, ಜೊತೆಗೊಂದು ಗೇಟ್‌ವೇ, ಕಡಿಮೆ ಕಮಿಷನ್, ತಿಂಗಳಿಗಿಷ್ಟು ಸ್ಥಿರ ಶುಲ್ಕ. ಮೂರನೆಯದು, ಹಲವು ವ್ಯಾಪಾರಿಗಳ ಪರವಾಗಿ ಹಣ ಪಡೆದು ಅವರವರಿಗೆ ಮುಟ್ಟಿಸುವ ಪೇಮೆಂಟ್ ಅಗ್ರಿಗೇಟರ್ ಒಂದರದು: ತಿಂಗಳ ಶುಲ್ಕವಿಲ್ಲ, ಕಮಿಷನ್ ಸ್ವಲ್ಪ ಹೆಚ್ಚು, ಪಾವತಿ ಪುಟ ಅವರದೇ. ಮಾರಾಟಗಾರರ ಸ್ಥಾನದಲ್ಲಿ ತಾವೇ ನಿಂತು ತೆರಿಗೆಯನ್ನೂ ನೋಡಿಕೊಳ್ಳುವ 'ಮರ್ಚೆಂಟ್ ಆಫ್ ರೆಕಾರ್ಡ್' ಎಂಬ ಇನ್ನೊಂದು ಬಗೆಯ ಸೇವೆಯೂ ಇದೆ. ಅದು ಹೆಚ್ಚಾಗಿ ಸಾಫ್ಟ್‌ವೇರ್, ಡಿಜಿಟಲ್ ಸರಕು ಮಾರುವವರಿಗಾಗಿ ಇರುವುದರಿಂದ ಇಲ್ಲಿ ಪರಿಗಣಿಸಲಿಲ್ಲ.

ಮಾಲೀಕರು ಒಂದು ಕೋಷ್ಟಕವನ್ನೂ ಮಾಡಿಟ್ಟುಕೊಂಡಿದ್ದರು. ಅದರಲ್ಲಿದ್ದದ್ದು ಒಂದೇ ಕಾಲಂ: ಶೇಕಡಾ ಎಷ್ಟು ಕಮಿಷನ್. ಹೆಚ್ಚಿನ ಸಂಸ್ಥೆಗಳು ಶುರು ಮಾಡುವುದು ಅಲ್ಲಿಂದಲೇ. ಅದನ್ನು ಕೊನೆಗೆ ನೋಡೋಣ ಎಂದು ಹೇಳಿ, ಅದಕ್ಕೆ ಮೊದಲು ಎರಡು ಪ್ರಶ್ನೆ ಬರೆದೆ. ಕಾರ್ಡ್ ಸಂಖ್ಯೆ ಯಾರ ಯಂತ್ರದ ಮೂಲಕ ಹಾದುಹೋಗುತ್ತದೆ? ಗ್ರಾಹಕರು ಕೊಟ್ಟ ಹಣ ಯಾವ ದಿನದಿಂದ ನಿಜವಾಗಿ ನಿಮ್ಮದು?

ಕಾರ್ಡ್ ಸಂಖ್ಯೆ ಹೋಗುವ ದಾರಿ

ಡೆವಲಪರ್ ಪ್ರಸ್ತಾವದ ಹಿಂದೆ ಒಳ್ಳೆಯ ಕಾರಣವೇ ಇತ್ತು. ಹಣ ಕೊಡುವ ಗಳಿಗೆಯಲ್ಲಿ ಗ್ರಾಹಕರು ಬೇರೆ ತಾಣಕ್ಕೆ ಹಾರಿದರೆ ಗಾಬರಿಯಾಗಬಹುದು. ಪುಟ ಪೂರ್ತಿ ನಮ್ಮ ಹಾಗೆಯೇ ಕಾಣಬೇಕು ಎಂಬುದು ಅವರ ವಾದ. "ನಾವು ಕಾರ್ಡ್ ಸಂಖ್ಯೆ ಉಳಿಸಿಕೊಳ್ಳೋದೇ ಇಲ್ಲ, ಬಂದದ್ದನ್ನ ಹಾಗೇ ಮುಂದಕ್ಕೆ ಕಳಿಸ್ತೀವಿ, ಅಷ್ಟೇ" ಎಂದರು.

ಆ 'ಅಷ್ಟೇ' ಎಂಬುದರ ಭಾರ ಎಷ್ಟೆಂದು ಕಾರ್ಡ್ ಉದ್ಯಮದ ನಿಯಮ ಓದಿದರೆ ತಿಳಿಯುತ್ತದೆ. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜೆಸಿಬಿ ಈ ಐದು ಕಾರ್ಡ್ ಜಾಲಗಳು ಸೇರಿ 2006ರಲ್ಲಿ ಒಂದು ಮಂಡಳಿ ಸ್ಥಾಪಿಸಿದವು. ಪಿಸಿಐ ಡಿಎಸ್‌ಎಸ್ ಎಂಬ ಸುರಕ್ಷತಾ ಮಾನದಂಡವನ್ನು ನೋಡಿಕೊಳ್ಳುವುದು ಆ ಮಂಡಳಿ. ಕಾರ್ಡ್ ಸಂಖ್ಯೆಯನ್ನು ಉಳಿಸಿಕೊಳ್ಳುವವರಿಗೂ, ಸಂಸ್ಕರಿಸುವವರಿಗೂ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವವರಿಗೂ ಮಾನದಂಡ ಅನ್ವಯಿಸುತ್ತದೆ. ಹಾಗಾಗಿ "ಮುಂದಕ್ಕೆ ಕಳಿಸುತ್ತೇವೆ ಅಷ್ಟೇ" ಎನ್ನುವವರೂ ಪೂರ್ತಿಯಾಗಿ ಒಳಗಿನವರೇ. ಮೂಲ ಅಗತ್ಯಗಳು ಹನ್ನೆರಡು, ಒಂದೊಂದರ ಕೆಳಗೆ ಹಲವು ಉಪನಿಯಮಗಳು. ಸಣ್ಣ ವ್ಯಾಪಾರಿಗಳು ಪ್ರತಿವರ್ಷ ಒಂದು ಸ್ವಯಂ ಮೌಲ್ಯಮಾಪನ ಪ್ರಶ್ನಾವಳಿ (ಎಸ್‌ಎಕ್ಯೂ) ತುಂಬಬೇಕು. ಎಷ್ಟು ದೊಡ್ಡ ಪ್ರಶ್ನಾವಳಿ ಎಂಬುದು ಪಾವತಿ ಪುಟ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಪಾವತಿಯನ್ನು ಪೂರ್ತಿ ಸೇವಾದಾರರ (ಗೇಟ್‌ವೇ ಅಥವಾ ಅಗ್ರಿಗೇಟರ್) ಪುಟಕ್ಕೆ ಒಪ್ಪಿಸಿದರೆ, ಅಥವಾ ಅವರ ಫಾರಂ ಇರುವ ಚೌಕಟ್ಟನ್ನು ನಮ್ಮ ಪುಟದೊಳಗೆ ಕೂರಿಸಿದರೆ, 'ಎಸ್‌ಎಕ್ಯೂ ಎ' ಎಂಬ ಚಿಕ್ಕದು. ಫಾರಂ ನಮ್ಮದಾಗಿದ್ದು ವಿವರ ಮಾತ್ರ ಗ್ರಾಹಕರ ಬ್ರೌಸರ್‌ನಿಂದ ನೇರವಾಗಿ ಸೇವಾದಾರರಿಗೆ ಹೋದರೆ 'ಎಸ್‌ಎಕ್ಯೂ ಎ-ಇಪಿ', ಅದು ಬಹಳ ಉದ್ದ. ಡೆವಲಪರ್ ಹೇಳಿದಂತೆ ನಮ್ಮ ಸರ್ವರ್ ಮೂಲಕವೇ ಹೋದರೆ 'ಎಸ್‌ಎಕ್ಯೂ ಡಿ'. ಇನ್ನೂರಕ್ಕೂ ಹೆಚ್ಚು ಅಂಶಗಳಿಗೆ ಉತ್ತರ ಕೊಡಬೇಕು. ಅದನ್ನು ಪ್ರಾಮಾಣಿಕವಾಗಿ ತುಂಬಲು ಜಾಲ ವಿಂಗಡಣೆ, ದಾಳಿ ಪರೀಕ್ಷೆ, ಲಾಗ್ (ಸರ್ವರ್ ತಾನಾಗಿ ಬರೆದಿಡುವ ದಾಖಲೆ) ಪರಿಶೀಲನೆ, ಸಿಬ್ಬಂದಿ ತರಬೇತಿ ಎಲ್ಲ ನಡೆದಿರಬೇಕು. ಈ ಸಂಸ್ಥೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇರುವವರು ಒಬ್ಬರು, ಅದೂ ಅರೆಕಾಲಿಕ.

ಡೆವಲಪರ್‌ ಜೊತೆ ಕೂತು ಅವರ ಸರ್ವರ್‌ನ ಲಾಗ್ ತೆರೆಸಿದೆ. ಫಾರಂನಲ್ಲಿ ತುಂಬಿದ್ದೆಲ್ಲ, ಏನಾದರೂ ತಪ್ಪಾದಾಗ, ದೋಷ ವರದಿಯೊಳಗೆ ಹಾಗೇ ಬರೆದುಕೊಳ್ಳುತ್ತಿತ್ತು. ಆ ಲಾಗ್ ರಾತ್ರಿಯ ಬ್ಯಾಕಪ್‌ಗೆ ಹೋಗುತ್ತಿತ್ತು, ಬ್ಯಾಕಪ್ ಇನ್ನೊಂದು ಕಂಪನಿಯ ಶೇಖರಣೆಗೆ. ಡೇಟಾಬೇಸ್‌ನಲ್ಲಿ ಕಾರ್ಡ್‌ಗೆ ಒಂದು ಕಾಲಂ ಕೂಡ ಇಲ್ಲದೆ ಕಾರ್ಡ್ ಸಂಖ್ಯೆಗಳು ಮೂರು ಕಡೆ ಉಳಿಯಲು ಇಷ್ಟು ಸಾಕು. ಕಾರ್ಡಿನ ಸಿವಿವಿಯ ಮಾತಂತೂ ಇನ್ನೂ ಬಿಗಿ: ವ್ಯವಹಾರಕ್ಕೆ ಮಂಜೂರಾತಿ ಸಿಕ್ಕ ಮೇಲೆ ವ್ಯಾಪಾರಿ ಅದನ್ನು ಗೂಢಲಿಪಿಯಲ್ಲಾದರೂ ಇಟ್ಟುಕೊಳ್ಳುವಂತಿಲ್ಲ.

ಉಳಿಸಿಕೊಳ್ಳದಿದ್ದರೆ ಕದಿಯಲು ಏನೂ ಇರುವುದಿಲ್ಲ ಎಂಬ ನಂಬಿಕೆ ಎಷ್ಟು ಸರಿ ಎಂಬುದಕ್ಕೆ 2018ರ ಬ್ರಿಟಿಷ್ ಏರ್‌ವೇಸ್ ಘಟನೆಯನ್ನು ನೋಡಬೇಕು. ದಾಳಿಕೋರರು ಆ ಕಂಪನಿಯ ವೆಬ್‌ಸೈಟ್ ಬಳಸುತ್ತಿದ್ದ ಒಂದು ಜಾವಾಸ್ಕ್ರಿಪ್ಟ್ ಕಡತಕ್ಕೆ (ಗ್ರಾಹಕರ ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಂ) ಕೆಲವೇ ಸಾಲುಗಳನ್ನು ಸೇರಿಸಿದರು. ಗ್ರಾಹಕರು ಪಾವತಿ ಫಾರಂನಲ್ಲಿ ಟೈಪ್ ಮಾಡಿದ ವಿವರದ ಒಂದು ಪ್ರತಿ, ಗುಂಡಿ ಒತ್ತಿದ ಕ್ಷಣವೇ ದಾಳಿಕೋರರ ಸರ್ವರ್‌ಗೆ ಹೋಯಿತು. ಸಿವಿವಿ ಸಮೇತ ಸುಮಾರು 2,44,000 ಗ್ರಾಹಕರ ಕಾರ್ಡ್ ವಿವರ ಕೈತಪ್ಪಿತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರ ಅಕ್ಟೋಬರ್‌ನಲ್ಲಿ 2 ಕೋಟಿ ಪೌಂಡ್ ದಂಡ ವಿಧಿಸಿತು. ಇಲ್ಲಿ ಡೇಟಾಬೇಸ್ ಭದ್ರವಾಗಿತ್ತೋ ಇಲ್ಲವೋ ಎಂಬುದರಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಕಳವು ನಡೆದದ್ದು ಬೆರಳು ಮತ್ತು ಸರ್ವರ್‌ ನಡುವೆ.

ನಮ್ಮ ಪುಟದೊಳಗೆ ಸೇವಾದಾರರ ಚೌಕಟ್ಟು ಕೂರಿಸುವ ನಡುದಾರಿಯನ್ನೂ ಈ ಕಾರಣಕ್ಕೇ ಎಚ್ಚರದಿಂದ ನೋಡಿದೆ. ಚೌಕಟ್ಟಿನೊಳಗೆ ಟೈಪ್ ಮಾಡಿದ್ದನ್ನು ಹೊರಗಿನ ಪುಟ ಓದಲಾರದು, ಅದು ನಿಜ. ಆದರೆ ಹೊರಗಿನ ಪುಟಕ್ಕೆ ನುಸುಳಿದವರು ಚೌಕಟ್ಟನ್ನೇ ತೆಗೆದು ಅಂಥದ್ದೇ ನಕಲಿ ಫಾರಂ ಇಡಬಲ್ಲರು. ಮಾನದಂಡದ 4ನೇ ಆವೃತ್ತಿ 2022ರ ಮಾರ್ಚ್‌ನಲ್ಲಿ ಬಂತು. ಪಾವತಿ ಪುಟದಲ್ಲಿ ಓಡುವ ಪ್ರತಿಯೊಂದು ಸ್ಕ್ರಿಪ್ಟ್‌ಗೂ ಲೆಕ್ಕ ಇಡಬೇಕು, ಪುಟ ತಿದ್ದಿದ್ದರೆ ಗೊತ್ತಾಗುವ ವ್ಯವಸ್ಥೆ ಇರಬೇಕು ಎಂಬ ಅದರ ನಿಯಮಗಳು 2025ರ ಮಾರ್ಚ್ 31ರಿಂದ ಕಡ್ಡಾಯವಾದವು. ಚಿಕ್ಕ ಪ್ರಶ್ನಾವಳಿ ತುಂಬುವವರಿಗೆ 2025ರ ಜನವರಿಯಲ್ಲಿ ಈ ಎರಡರಿಂದ ವಿನಾಯಿತಿ ಸಿಕ್ಕಿತು. ಅದರ ಬದಲು ಪುಟದೊಳಗೆ ಚೌಕಟ್ಟು ಕೂರಿಸಿಕೊಂಡವರು ತಮ್ಮ ತಾಣ ಸ್ಕ್ರಿಪ್ಟ್ ದಾಳಿಗೆ ಬಲಿಯಾಗದಂತಿದೆ ಎಂದು ದೃಢಪಡಿಸಬೇಕು. ಈ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಚಾಟ್ ಕಿಟಕಿ, ಭೇಟಿ ಎಣಿಸುವ ಸಾಧನ, ಜಾಹೀರಾತಿನ ಜಾಡು, ಚಿತ್ರ ಸರಿಸುವ ಪ್ಲಗಿನ್ ಹೀಗೆ ಹೊರಗಿನ ಸ್ಕ್ರಿಪ್ಟ್‌ಗಳು ಹಲವಿದ್ದವು. ಅವುಗಳಲ್ಲಿ ಕೆಲವನ್ನು ಯಾರು, ಯಾಕೆ ಹಾಕಿದರು ಎಂಬುದೇ ಯಾರಿಗೂ ನೆನಪಿರಲಿಲ್ಲ. ಅಂಥ ತಾಣದ ಪರವಾಗಿ ಆ ದೃಢೀಕರಣಕ್ಕೆ ಸಹಿ ಹಾಕಿ ಎಂದು ಮಾಲೀಕರಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು: ಪಾವತಿಗೆ ಗ್ರಾಹಕರನ್ನು ಸೇವಾದಾರರ ಪುಟಕ್ಕೇ ಕಳಿಸುವುದು. ಪುಟ ನಮ್ಮ ಹಾಗೆ ಕಾಣಬೇಕೆಂಬ ಡೆವಲಪರ್ ಆಸೆಗೆ ಲಾಂಛನ, ಬಣ್ಣ ಹಾಕಲು ಅವಕಾಶ ಸಿಕ್ಕಿತು. ಜೊತೆಗೆ, ಗುಂಡಿಯ ಮೇಲ್ಗಡೆ "ಮುಂದಿನ ಪುಟ ಇಂಥ ಪಾವತಿ ಸೇವೆಯದು" ಎಂದು ಒಂದು ಸಾಲು ಬರೆದೆವು. ಮುಂಚೆ ಹೇಳಿಬಿಟ್ಟರೆ ಗಾಬರಿಗೆ ಕಾರಣವೇ ಇರುವುದಿಲ್ಲ.

ಎಂಟು ವಾರದ ಅಂತರ

ಈ ವ್ಯಾಪಾರದ ನಿಜವಾದ ತೊಡಕು ಇಲ್ಲಿದೆ. ಅಂಗಡಿಯಲ್ಲಿ ಹಣ ಕೊಟ್ಟು ಸಾಮಾನು ಒಯ್ದವರ ವ್ಯವಹಾರ ಆಗಲೇ ಮುಗಿಯುತ್ತದೆ. ಇಲ್ಲಿ ಹಣ ಇವತ್ತು, ಮೇಜು ಎರಡು ತಿಂಗಳ ಮೇಲೆ. ಈ ಅಂತರದಲ್ಲಿ ಯಾರು ಯಾರಿಗೆ ಸಾಲ ಕೊಟ್ಟಿದ್ದಾರೆ ಎಂದು ಯೋಚಿಸಿದರೆ ಬ್ಯಾಂಕಿನ ನಡವಳಿಕೆ ಅರ್ಥವಾಗುತ್ತದೆ.

ಸಾಮಾನು ಬರಲಿಲ್ಲ ಎಂದು ಗ್ರಾಹಕರು ತಮ್ಮ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರಿದರೆ ಆ ಬ್ಯಾಂಕ್ ಹಣವನ್ನು ವಾಪಸ್ ಎಳೆದುಕೊಳ್ಳುತ್ತದೆ. ಇದೇ ಚಾರ್ಜ್‌ಬ್ಯಾಕ್. ಎಳೆದುಕೊಳ್ಳುವುದು ನೇರವಾಗಿ ವ್ಯಾಪಾರಿಯಿಂದಲ್ಲ, ವ್ಯಾಪಾರಿಯ ಪರವಾಗಿ ಹಣ ಸ್ವೀಕರಿಸಿದ ಬ್ಯಾಂಕಿನಿಂದ. ಆ ಬ್ಯಾಂಕ್ ಆಮೇಲೆ ವ್ಯಾಪಾರಿಯನ್ನು ಕೇಳುತ್ತದೆ. ಅಷ್ಟರಲ್ಲಿ ವ್ಯಾಪಾರಿ ಬಾಗಿಲು ಹಾಕಿದ್ದರೆ ನಷ್ಟ ಬ್ಯಾಂಕಿನದೇ. ದೂರಿಗೆ ಸಾಮಾನ್ಯವಾಗಿ 120 ದಿನದ ಕಾಲಾವಕಾಶ ಇರುತ್ತದೆ. 'ಸಾಮಾನು ತಲುಪಲಿಲ್ಲ' ಎಂಬ ಬಗೆಯ ದೂರಿನಲ್ಲಿ ಆ 120 ದಿನ ಶುರುವಾಗುವುದು ಹಣ ಕೊಟ್ಟ ದಿನದಿಂದ ಅಲ್ಲ, ತಲುಪಬೇಕಾಗಿದ್ದ ದಿನದಿಂದ. ಎಂಟು ವಾರಕ್ಕೆ ಇದನ್ನು ಕೂಡಿಸಿ ನೋಡಿ: ಹಣ ಖಾತೆಗೆ ಬಂದು ಆರು ತಿಂಗಳ ಹತ್ತಿರ ಹತ್ತಿರದವರೆಗೂ ಅದು ವಾಪಸ್ ಹೋಗುವ ದಾರಿ ತೆರೆದೇ ಇರುತ್ತದೆ.

ಬ್ಯಾಂಕಿನ ಪ್ರಸ್ತಾವದ ಕೊನೆಯ ಪುಟದಲ್ಲಿ ಇದಕ್ಕೆ ಸರಿಯಾಗಿ ಒಂದು ಷರತ್ತಿತ್ತು. ಪ್ರತಿ ವ್ಯವಹಾರದ ಶೇಕಡಾ 10ರಷ್ಟು ಹಣವನ್ನು 180 ದಿನ ಮೀಸಲಾಗಿ ಹಿಡಿದಿಟ್ಟು ಆಮೇಲೆ ಬಿಡುಗಡೆ ಮಾಡುತ್ತೇವೆ ಎಂಬುದು ಅದು. ರೋಲಿಂಗ್ ರಿಸರ್ವ್ ಎಂದು ಇದಕ್ಕೆ ಹೆಸರು. ಮಾಲೀಕರು ಅದನ್ನು ಓದಿದ್ದರು. "ಹೇಗೂ ವಾಪಸ್ ಬರೋ ಹಣ, ಖರ್ಚೇನಲ್ಲವಲ್ಲ" ಎಂದುಕೊಂಡು ಮುಂದೆ ಹೋಗಿದ್ದರು. ಅದನ್ನು ಪ್ರಶ್ನಿಸಿದವರು ಸಂಸ್ಥೆಯ ಲೆಕ್ಕ ನೋಡಿಕೊಳ್ಳುವವರು. "ವಾಪಸ್ ಬರುತ್ತೆ, ಸರಿ. ಅಲ್ಲಿವರೆಗೆ ಮರ ಯಾವ ದುಡ್ಡಲ್ಲಿ ತರೋದು?" ಎಂದು ಕೇಳಿದರು. ಈ ಇಡೀ ಕೆಲಸದಲ್ಲಿ ನಾನು ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು.

ಲೆಕ್ಕ ಹಾಕಿದೆವು. ತಿಂಗಳಿಗೆ 100 ಘಟಕ (ಒಂದು ಘಟಕ ಎಷ್ಟು ಹಣವಾದರೂ ಸರಿ) ವ್ಯಾಪಾರ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 10 ಘಟಕ ಮೀಸಲಿಗೆ ಹೋಗುತ್ತದೆ. ಆರು ತಿಂಗಳು ತುಂಬುವ ಹೊತ್ತಿಗೆ 60 ಘಟಕ ಬ್ಯಾಂಕಿನಲ್ಲಿ ಕೂತಿರುತ್ತದೆ. ಏಳನೇ ತಿಂಗಳಿನಿಂದ ಹಳೆಯ 10 ಬಿಡುಗಡೆಯಾದರೂ ಹೊಸ 10 ಒಳಗೆ ಹೋಗುತ್ತದೆ, ಹಾಗಾಗಿ 60 ಅಲ್ಲಿಯೇ ನಿಂತಿರುತ್ತದೆ. ವ್ಯಾಪಾರ ನಡೆಯುವಷ್ಟು ಕಾಲವೂ ತಿಂಗಳ ವ್ಯಾಪಾರದ ಅರ್ಧಕ್ಕಿಂತ ಹೆಚ್ಚು ಹಣ ಕೈಗೆ ಸಿಗದು. ಇಷ್ಟಕ್ಕೆ ಪ್ರತಿಯಾಗಿ ಸಿಗುವುದೇನು? ಅಗ್ರಿಗೇಟರ್‌ಗಿಂತ ಬ್ಯಾಂಕಿನ ಕಮಿಷನ್ ಶೇಕಡಾ 0.6ರಷ್ಟು ಕಡಿಮೆ ಇತ್ತು. ತಿಂಗಳಿಗೆ 0.6 ಘಟಕ, ವರ್ಷಕ್ಕೆ 7.2 ಘಟಕ. ಅಂದರೆ 60 ಘಟಕವನ್ನು ಒತ್ತೆಯಿಟ್ಟು ವರ್ಷಕ್ಕೆ 7.2 ಗಳಿಸಿದಂತೆ, ಶೇಕಡಾ 12. ಕಚ್ಚಾ ಮಾಲಿಗೆ ಈ ಸಂಸ್ಥೆ ತರುತ್ತಿದ್ದ ಸಾಲದ ಬಡ್ಡಿ ಅದರ ಆಸುಪಾಸಿನಲ್ಲೇ ಇತ್ತು. ಮೇಲಿಂದ ತಿಂಗಳ ಸ್ಥಿರ ಶುಲ್ಕ ಬೇರೆ. ಕಾಗದದ ಮೇಲೆ ಅಗ್ಗವಾಗಿ ಕಂಡ ದರದ ಲಾಭ ಪೂರ್ತಿ ಕರಗಿಹೋಯಿತು.

ಹಾಗೆಂದು ಬ್ಯಾಂಕ್ ಅನ್ಯಾಯ ಮಾಡುತ್ತಿತ್ತು ಎನ್ನಲಾರೆ. ಅವರು ಅಪಾಯವನ್ನು ಮುಂಚೆಯೇ ಅಳೆದು, ಬಾಯಿಬಿಟ್ಟು ಬೆಲೆ ಹೇಳಿದರು. ನನಗೆ ಹೆಚ್ಚು ಕಳವಳ ಇದ್ದದ್ದು ಅಗ್ರಿಗೇಟರ್ ಬಗ್ಗೆ. ಅಲ್ಲಿ ಅರ್ಜಿ ಹಾಕಿದ ದಿನವೇ ಖಾತೆ ತೆರೆಯುತ್ತದೆ, ಮೀಸಲಿನ ಮಾತೇ ಇಲ್ಲ. ಆದರೆ ಒಪ್ಪಂದದೊಳಗೆ "ಅಪಾಯ ಕಂಡುಬಂದರೆ ಪಾವತಿ ತಡೆಹಿಡಿಯುವ ಹಕ್ಕು ನಮಗಿದೆ" ಎಂಬ ಸಾಲು ಇದ್ದೇ ಇರುತ್ತದೆ. ಪರಿಶೀಲನೆ ಅಲ್ಲಿ ತಪ್ಪುವುದಿಲ್ಲ, ಮುಂದಕ್ಕೆ ಹೋಗಿರುತ್ತದೆ. ಒಳ್ಳೆಯ ತಿಂಗಳೊಂದರಲ್ಲಿ ವ್ಯಾಪಾರ ದಿಢೀರನೆ ಏರಿದಾಗ, ಸಾಮಾನು ಇನ್ನೂ ತಲುಪದ ಆರ್ಡರ್‌ಗಳು ಕಣ್ಣಿಗೆ ಬಿದ್ದಾಗ, ಆ ಪರಿಶೀಲನೆ ಶುರುವಾಗುತ್ತದೆ. ಹಣ ಅತಿ ಹೆಚ್ಚು ಬೇಕಾದ ಹೊತ್ತು ಅದೇ.

ಅದಕ್ಕೆ ಎರಡು ಕೆಲಸ ಮಾಡಿದೆವು. ಮೊದಲನೆಯದು, ಅಗ್ರಿಗೇಟರ್‌ಗೆ ನಾವೇ ಮುಂದಾಗಿ ಪತ್ರ ಬರೆದದ್ದು. ಏನು ಮಾಡುತ್ತೇವೆ, ಎಷ್ಟು ವಾರ ಹಿಡಿಯುತ್ತದೆ, ಒಂದು ಆರ್ಡರ್ ಸರಾಸರಿ ಎಷ್ಟರದು, ಹಣ ಯಾವ ಕಂತಿನಲ್ಲಿ ಬರುತ್ತದೆ ಎಲ್ಲ ತಿಳಿಸಿ, ಈ ವ್ಯಾಪಾರ ನಿಮಗೆ ಒಪ್ಪಿಗೆಯೇ ಎಂದು ಲಿಖಿತವಾಗಿ ಕೇಳಿದೆವು. ಅವರು ಒಪ್ಪಿದರು, ದಿನದಿನದ ಬದಲು ವಾರಕ್ಕೊಮ್ಮೆ ಹಣ ಜಮೆ ಮಾಡುತ್ತೇವೆ ಎಂಬ ಒಂದು ಷರತ್ತು ಹಾಕಿದರು. ಮೀಸಲಿಗಿಂತ ಅದು ಎಷ್ಟೋ ಮೇಲು.

ಎರಡನೆಯದು, ಹಣ ಪಡೆಯುವ ಕ್ರಮವನ್ನೇ ಬದಲಿಸಿದ್ದು. ಪೂರ್ತಿ ಮೊತ್ತವನ್ನು ಕಾರ್ಡಿನಲ್ಲಿ ಕಾಯ್ದಿರಿಸಿ, ಸಾಮಾನು ಸಿದ್ಧವಾದ ಮೇಲೆ ಎಳೆದುಕೊಂಡರಾಯಿತಲ್ಲ ಎಂದು ಡೆವಲಪರ್ ಕೇಳಿದ್ದರು. ಕಾರ್ಡ್ ವ್ಯವಸ್ಥೆಯಲ್ಲಿ ಮಂಜೂರಾತಿ ಬೇರೆ, ಹಣ ಎಳೆಯುವುದು ಬೇರೆ ಎಂಬುದು ನಿಜ. ಆದರೆ ಮಂಜೂರಾತಿಯ ಆಯಸ್ಸು ಸಾಮಾನ್ಯವಾಗಿ ವಾರದ ಆಸುಪಾಸು. ಎಂಟು ವಾರ ಅದು ಉಳಿಯುವುದಿಲ್ಲ. ಹಾಗಾಗಿ ಎರಡು ಕಂತು ಮಾಡಿದೆವು. ನಕ್ಷೆಗೆ ಗ್ರಾಹಕರು ಒಪ್ಪಿದ ದಿನ ಶೇಕಡಾ 40, ಸಾಮಾನು ಸಿದ್ಧವಾಗಿ ಕಳಿಸುವ ಮುನ್ನ ಶೇಕಡಾ 60. ಮೊದಲು ಪೂರ್ತಿ ಹಣ ಮುಂಗಡ ತೆಗೆದುಕೊಳ್ಳುವುದೆಂದಿತ್ತು. ಹಾಗೆ ಮಾಡಿದ್ದರೆ ಎರಡು ತಿಂಗಳ ಅಂತರದಲ್ಲಿ ಸುಮಾರು 200 ಘಟಕದಷ್ಟು ಹಣ 'ಪಡೆದಾಗಿದೆ, ಸಾಮಾನು ಕೊಟ್ಟಿಲ್ಲ' ಎಂಬ ಸ್ಥಿತಿಯಲ್ಲಿ ಸದಾ ಇರುತ್ತಿತ್ತು. ಕಂತು ಮಾಡಿದ ಮೇಲೆ ಅದು 80ರ ಹತ್ತಿರಕ್ಕೆ ಇಳಿಯಿತು. ಅಗ್ರಿಗೇಟರ್ ಅಷ್ಟು ಸುಲಭವಾಗಿ ಒಪ್ಪಲು ಇದೇ ಕಾರಣ ಎಂದು ನನ್ನ ನಂಬಿಕೆ.

ಮುಂಗಡವನ್ನು ವಿಚಾರಣೆಯ ದಿನವೇ ತೆಗೆದುಕೊಳ್ಳದೆ ನಕ್ಷೆಯ ಒಪ್ಪಿಗೆಗೆ ಕಾದದ್ದಕ್ಕೂ ಅರ್ಥವಿದೆ. ಮನಸ್ಸು ಬದಲಿಸುವವರು ಹೆಚ್ಚಾಗಿ ನಕ್ಷೆಯ ಹಂತದಲ್ಲೇ ಬದಲಿಸುತ್ತಾರೆ. ಆಗ ಹಣ ವಾಪಸ್ ಮಾಡಿದರೆ ಎಷ್ಟೋ ಸೇವಾದಾರರು ಮೊದಲು ಮುರಿದುಕೊಂಡ ಕಮಿಷನ್ ಹಿಂದಿರುಗಿಸುವುದಿಲ್ಲ. ಜೊತೆಗೆ, ಅಳತೆ ಬರೆದ ನಕ್ಷೆಗೆ ಗ್ರಾಹಕರು ಇಮೇಲ್‌ನಲ್ಲಿ ಕೊಟ್ಟ ಒಪ್ಪಿಗೆ, ಮುಂದೆ ವಿವಾದ ಬಂದರೆ ಸಂಸ್ಥೆಯ ಕೈಯಲ್ಲಿರುವ ಅತಿ ಬಲವಾದ ದಾಖಲೆ.

ಎರಡನೇ ಕಂತಿಗೆ ಮೊದಲ ಸಲದ ಕಾರ್ಡನ್ನೇ ಟೋಕನ್ (ಕಾರ್ಡ್ ಸಂಖ್ಯೆಯ ಬದಲಿಗೆ ಬಳಸುವ ಸಂಕೇತ) ಆಗಿ ಉಳಿಸಿಕೊಂಡು ತಾನಾಗಿ ಹಣ ಎಳೆಯುವ ಸೌಲಭ್ಯವೂ ಇತ್ತು. ಬೇಡ ಎಂದೆವು. ಎರಡು ತಿಂಗಳ ಮೇಲೆ ದೊಡ್ಡ ಮೊತ್ತವೊಂದು ಹೇಳದೆ ಕೇಳದೆ ಹೋದರೆ, ಎಂದೋ ಒಪ್ಪಿದ್ದು ನೆನಪಿಲ್ಲದವರು ಮೊದಲು ಫೋನ್ ಮಾಡುವುದು ತಮ್ಮ ಬ್ಯಾಂಕಿಗೆ. ಅದರ ಬದಲು, ಸಿದ್ಧವಾದ ಮೇಜಿನ ಫೋಟೊ ಜೊತೆ ಪಾವತಿ ಲಿಂಕ್ ಕಳಿಸುವುದೆಂದು ನಿಶ್ಚಯವಾಯಿತು. ಗ್ರಾಹಕರು ನೋಡಿ, ಮೆಚ್ಚಿ, ತಾವೇ ಹಣ ಕೊಡುತ್ತಾರೆ, ಒಟಿಪಿ ಅಥವಾ ಬ್ಯಾಂಕ್ ಆ್ಯಪ್‌ನಲ್ಲಿ ಮತ್ತೊಮ್ಮೆ ಒಪ್ಪಿಗೆ ಕೊಡುತ್ತಾರೆ. ತ್ರೀಡಿ ಸೆಕ್ಯೂರ್ ಎಂಬ ಈ ದೃಢೀಕರಣ ಆಗಿದ್ದರೆ, "ಕಾರ್ಡ್ ಬಳಸಿದ್ದು ನಾನಲ್ಲ" ಎಂಬ ಬಗೆಯ ವಂಚನೆಯ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನ ಕಡೆಗೆ ಸರಿಯುತ್ತದೆ. "ಸಾಮಾನು ತಲುಪಲಿಲ್ಲ", "ಹೇಳಿದಂತೆ ಇಲ್ಲ" ಎಂಬ ದೂರುಗಳಿಗೆ ಈ ರಕ್ಷಣೆ ಇಲ್ಲ. ಒಟಿಪಿ ಇದೆಯಲ್ಲ, ಇನ್ನು ಚಾರ್ಜ್‌ಬ್ಯಾಕ್ ಬರುವುದಿಲ್ಲ ಎಂದು ನಂಬಿದ ವ್ಯಾಪಾರಿಗಳು ತುಂಬ ಜನ ಇದ್ದಾರೆ, ಆ ನಂಬಿಕೆಗೆ ಆಧಾರವಿಲ್ಲ.

ಕೊನೆಗೆ ದರ

ಕಮಿಷನ್ ಎಂಬ ಒಂದು ಅಂಕಿಯೊಳಗೆ ಮೂರು ಪಾಲಿದೆ. ದೊಡ್ಡ ಪಾಲು, ಇಂಟರ್‌ಚೇಂಜ್, ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಒಂದು ಪಾಲು ಕಾರ್ಡ್ ಜಾಲಕ್ಕೆ. ಉಳಿದದ್ದು ನಮ್ಮ ಸೇವಾದಾರರ ಲಾಭ. ಚೌಕಾಸಿ ಮಾಡಲು ಸಾಧ್ಯವಿರುವುದು ಈ ಮೂರನೆಯದರಲ್ಲಿ ಮಾತ್ರ. ಐರೋಪ್ಯ ಒಕ್ಕೂಟ 2015ರ ಕಾನೂನಿನಲ್ಲಿ ಗ್ರಾಹಕರ ಡೆಬಿಟ್ ಕಾರ್ಡಿಗೆ ಶೇಕಡಾ 0.2, ಕ್ರೆಡಿಟ್ ಕಾರ್ಡಿಗೆ ಶೇಕಡಾ 0.3 ಎಂದು ಇಂಟರ್‌ಚೇಂಜ್‌ಗೆ ಮಿತಿ ಹಾಕಿತು. ಅಂಥ ಮಿತಿ ಇಲ್ಲದ ಕಡೆ, ಬಹುಮಾನದ ಅಂಕ ಕೊಡುವ ಕಾರ್ಡುಗಳಲ್ಲಿ, ಅದು ಇದರ ಹಲವು ಪಟ್ಟು ಇರುತ್ತದೆ. ಅಗ್ರಿಗೇಟರ್ ಎಲ್ಲವನ್ನೂ ಸೇರಿಸಿ ಒಂದೇ ದರ ಹೇಳುತ್ತದೆ, ಬ್ಯಾಂಕ್ ಬಿಡಿಸಿ ಹೇಳಿತ್ತು.

ಇವೆರಡರ ನಡುವಿನ ಸರಳ ಲೆಕ್ಕ ಇಷ್ಟೇ: ತಿಂಗಳ ಸ್ಥಿರ ಶುಲ್ಕವನ್ನು ದರದ ವ್ಯತ್ಯಾಸದಿಂದ ಭಾಗಿಸಬೇಕು. ಶುಲ್ಕ 60 ಘಟಕ (ಈ ಘಟಕ ಮೇಲಿನ ಲೆಕ್ಕದ್ದಕ್ಕಿಂತ ಚಿಕ್ಕದು), ವ್ಯತ್ಯಾಸ ಶೇಕಡಾ 0.6 ಆದರೆ, ತಿಂಗಳಿಗೆ 10,000 ಘಟಕ ವ್ಯಾಪಾರ ದಾಟುವವರೆಗೆ ಬ್ಯಾಂಕಿನ 'ಕಡಿಮೆ ದರ' ಜಾಸ್ತಿಯೇ ಬೀಳುತ್ತದೆ. ಈ ಸಂಸ್ಥೆ ಆ ಗಡಿಯ ಕೆಳಗಿತ್ತು. ಮೀಸಲಿನ ಲೆಕ್ಕ ಮೊದಲೇ ಆಗಿದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಗ್ರಿಗೇಟರ್ ಪುಟ, ಎರಡು ಕಂತು, ಎರಡನೆಯದಕ್ಕೆ ಲಿಂಕ್ ಎಂದು ತೀರ್ಮಾನವಾಯಿತು.

ಜೋಡಿಸುವಾಗ

ಸೇವಾದಾರರ ಪುಟ ಬಳಸಿದರೂ ನಮ್ಮ ಕಡೆ ಕೆಲಸ ಉಳಿಯುತ್ತದೆ. ಅದರಲ್ಲಿ ಮುಖ್ಯವಾದದ್ದು, ಹಣ ಬಂತೆಂದು ಯಾರ ಮಾತು ಕೇಳಿ ನಂಬುವುದು ಎಂಬುದು. ಪಾವತಿ ಮುಗಿದ ಮೇಲೆ ಬ್ರೌಸರ್ ನಮ್ಮ 'ಧನ್ಯವಾದ' ಪುಟಕ್ಕೆ ಮರಳುತ್ತದೆ. ಆ ಪುಟ ತೆರೆಯಿತು ಎಂದ ಮಾತ್ರಕ್ಕೆ ಆರ್ಡರ್ ಖಚಿತ ಮಾಡಬಾರದು. ವಿಳಾಸ ಗೊತ್ತಿದ್ದರೆ ಹಣ ಕೊಡದವರೂ ಅದನ್ನು ತೆರೆಯಬಲ್ಲರು. ಹಣ ಕೊಟ್ಟವರು ಪುಟ ಮರಳುವ ಮೊದಲೇ ಫೋನ್ ಮುಚ್ಚಿರಲೂಬಹುದು. ಸೇವಾದಾರರ ಸರ್ವರ್ ನಮ್ಮ ಸರ್ವರ್‌ಗೆ ನೇರವಾಗಿ ಕಳಿಸುವ ಸೂಚನೆಯನ್ನು, ಅಂದರೆ ವೆಬ್‌ಹುಕ್ ಅನ್ನು, ಅದರ ಸಹಿ ಪರಿಶೀಲಿಸಿ ನಂಬಬೇಕು. ಅದೇ ಸೂಚನೆ ಎರಡು ಸಲ ಬಂದರೂ ಆರ್ಡರ್ ಒಂದೇ ಆಗಬೇಕು. ಮೊತ್ತವನ್ನು ಬ್ರೌಸರ್ ಹೇಳಿದಂತೆ ತೆಗೆದುಕೊಳ್ಳದೆ ಸರ್ವರ್‌ನಲ್ಲೇ ಲೆಕ್ಕ ಹಾಕಬೇಕು. ಡೆವಲಪರ್ ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದರು. ಹಣ ಕೊಟ್ಟ ತಕ್ಷಣ ಇಂಟರ್ನೆಟ್ ಕಡಿದುಹೋದರೆ ಏನಾಗುತ್ತದೆ ಎಂಬ ಪರೀಕ್ಷೆಯನ್ನು ನಾವು ಕೇಳುವ ಮೊದಲೇ ಮಾಡಿ ತೋರಿಸಿದರು.

ಲೆಕ್ಕ ನೋಡುವವರ ಬೇಡಿಕೆ ಇನ್ನೊಂದಿತ್ತು. ವಾರಕ್ಕೊಮ್ಮೆ ಬರುವ ಜಮೆಯಲ್ಲಿ ಹಲವು ಆರ್ಡರ್‌ಗಳ ಹಣ ಕೂಡಿರುತ್ತದೆ, ಕಮಿಷನ್ ಮತ್ತು ರೀಫಂಡ್ ಕಳೆದಿರುತ್ತದೆ. ಅದನ್ನೇ ಮಾರಾಟವೆಂದು ಬರೆದುಕೊಂಡರೆ ತೆರಿಗೆಯ ಲೆಕ್ಕವೇ ತಪ್ಪುತ್ತದೆ. ಪ್ರತಿ ಆರ್ಡರ್ ಸಂಖ್ಯೆ ಸೇವಾದಾರರ ವರದಿಯಲ್ಲೂ ಕಾಣುವಂತೆ ಮಾಡಿ, ಪೂರ್ತಿ ಮೊತ್ತವನ್ನು ಮಾರಾಟಕ್ಕೂ ಕಮಿಷನ್ನನ್ನು ಖರ್ಚಿಗೂ ಬರೆಯುವ ಪದ್ಧತಿ ಹಾಕಿಕೊಂಡರು.

ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಕಾಣುವ ಹೆಸರಿನ ಬಗ್ಗೆ ಎರಡು ಮಾತು. ಅದಕ್ಕಿರುವ ಜಾಗ ಇಪ್ಪತ್ತು ಚಿಲ್ಲರೆ ಅಕ್ಷರ. ಅರ್ಜಿಯಲ್ಲಿ ಸಂಸ್ಥೆಯ ನೋಂದಾಯಿತ ಹೆಸರು ತಾನಾಗಿ ಬಂದು ಕೂತಿತ್ತು, ಗ್ರಾಹಕರಿಗೆ ಗೊತ್ತಿರುವುದು ವೆಬ್‌ಸೈಟ್ ಹೆಸರು. ಬದಲಿಸಲು ಎರಡು ನಿಮಿಷ ಸಾಕು. ಯಾರ ಹೆಸರಿದು ಎಂದು ಗುರುತು ಸಿಗದೆ ಹುಟ್ಟುವ ವಿವಾದಗಳು ಅಷ್ಟರಿಂದ ತಪ್ಪುತ್ತವೆ.

ಶುರುವಾದ ಮೇಲೆ

ಮೊದಲ ಪೆಟ್ಟು ಯಾರೂ ಯೋಚಿಸದ ಕಡೆಯಿಂದ ಬಂತು. ವೆಬ್‌ಸೈಟ್‌ನಲ್ಲಿ ಮರದ ಮಾದರಿ ತುಂಡುಗಳ ಒಂದು ಪೊಟ್ಟಣ ಇತ್ತು. ಅದರ ಬೆಲೆ ತೀರ ಕಡಿಮೆ, ನಕ್ಷೆ ಒಪ್ಪಿಗೆಯ ಗೊಡವೆ ಇಲ್ಲ, ಯಾರು ಬೇಕಾದರೂ ನೇರವಾಗಿ ಕೊಳ್ಳಬಹುದು. ಒಂದು ರಾತ್ರಿ ಆ ಪೊಟ್ಟಣಕ್ಕೆ ಒಂದರ ಹಿಂದೊಂದು ಪಾವತಿ ಪ್ರಯತ್ನ ನಡೆಯಿತು, ಹೆಚ್ಚಿನವು ವಿಫಲ. ಕದ್ದ ಕಾರ್ಡ್ ಸಂಖ್ಯೆಗಳಲ್ಲಿ ಯಾವುದು ಇನ್ನೂ ಬದುಕಿದೆ ಎಂದು ನೋಡುವವರು ಇಂಥ ಸಣ್ಣ ಮೊತ್ತದ ಪುಟಗಳನ್ನೇ ಹುಡುಕುತ್ತಾರೆ. ಕೆಲವು ಒಪ್ಪಂದಗಳಲ್ಲಿ ವಿಫಲ ಪ್ರಯತ್ನಕ್ಕೂ ಶುಲ್ಕ ಇರುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯ ಯಶಸ್ವಿಯಾದವುಗಳದ್ದು. ನಿಜವಾದ ಕಾರ್ಡ್‌ದಾರರಿಗೆ ಗೊತ್ತಾದ ದಿನ ಅವೆಲ್ಲ ಚಾರ್ಜ್‌ಬ್ಯಾಕ್ ಆಗುತ್ತವೆ. ಬೆಳಿಗ್ಗೆ ನೋಡಿದ ಕೂಡಲೇ ಯಶಸ್ವಿಯಾದ ಎಲ್ಲವನ್ನೂ ರೀಫಂಡ್ ಮಾಡಿದರು. ಆ ಪುಟಕ್ಕೆ ಮನುಷ್ಯರೇ ಹೌದೇ ಎಂದು ನೋಡುವ ಕ್ಯಾಪ್ಚಾ, ಒಂದು ಇಂಟರ್ನೆಟ್ ವಿಳಾಸದಿಂದ ಇಷ್ಟೇ ಪ್ರಯತ್ನ ಎಂಬ ಮಿತಿ, ಇಮೇಲ್ ದೃಢೀಕರಣ ಬಂದವು. ಕಂತಿನ ಲಿಂಕ್‌ಗಳಿಗೆ ಇದರ ತಂಟೆ ತಟ್ಟಲಿಲ್ಲ. ಒಂದೊಂದೂ ಒಬ್ಬ ಗ್ರಾಹಕರದು, ಮೊತ್ತ ನಿಗದಿ, ಅವಧಿ ಮುಗಿದರೆ ತೆರೆಯದು.

ಆಮೇಲೆ ಒಂದು ವಿವಾದ ಬಂತು. ಕಪಾಟಿನ ಆಳ ಕಡಿಮೆಯಾಗಿದೆ, ಹೇಳಿದಂತೆ ಇಲ್ಲ ಎಂದು ಗ್ರಾಹಕರೊಬ್ಬರು ಬ್ಯಾಂಕಿಗೆ ದೂರಿದ್ದರು. ಅಳತೆ ಬರೆದ ನಕ್ಷೆ, ಅದಕ್ಕೆ ಅವರ ಒಪ್ಪಿಗೆಯ ಇಮೇಲ್, ಕಳಿಸುವ ಮುನ್ನ ಟೇಪ್ ಹಿಡಿದು ತೆಗೆದ ಫೋಟೊ, ಆ ಫೋಟೊ ನೋಡಿದ ಮೇಲೆ ಅವರೇ ಕೊಟ್ಟ ಎರಡನೇ ಕಂತು, ತಲುಪಿದ್ದಕ್ಕೆ ಸಹಿ ಎಲ್ಲವನ್ನೂ ಜೋಡಿಸಿ ಗಡುವಿನೊಳಗೆ ಕಳಿಸಿದರು. ತೀರ್ಪು ಸಂಸ್ಥೆಯ ಕಡೆಗಾಯಿತು. ಮಾಲೀಕರು ಆ ಗ್ರಾಹಕರಿಗೆ ಫೋನ್ ಮಾಡಿ, ಕೂಲಿ ಇಲ್ಲದೆ ಒಂದು ಹಲಗೆ ಬದಲಿಸಿಕೊಟ್ಟರು. ವಿವಾದ ಗೆದ್ದ ಮೇಲೆ ಹಾಗೆ ಮಾಡಬೇಕಾಗಿರಲಿಲ್ಲ, ಆದರೂ ಮಾಡಿದ್ದು ನನಗೆ ಮೆಚ್ಚುಗೆಯಾಯಿತು.

ಈಗ ಒಪ್ಪಂದ ನವೀಕರಣದ ಸಮಯ. ವ್ಯಾಪಾರ ಬೆಳೆದಿದೆ, ಸ್ಥಿರ ಶುಲ್ಕದ ಗಡಿ ದಾಟಿದೆ. ಮತ್ತೆ ಬ್ಯಾಂಕಿನ ಬಳಿ ಹೋಗುವಾಗ ಮಾಲೀಕರ ಕೈಯಲ್ಲಿ ಯಾವ ಆರ್ಡರ್ ಯಾವ ದಿನ ತಲುಪಿತು ಎಂಬ ದಾಖಲೆಯೂ, ವಿವಾದಗಳ ಪಟ್ಟಿಯೂ, ಎರಡು ಕಂತಿನ ಪದ್ಧತಿಯ ವಿವರವೂ ಇರುತ್ತದೆ. ಕೇಳಬೇಕಾದದ್ದು ಮೀಸಲನ್ನು ಶೇಕಡಾ 5ಕ್ಕೆ ಇಳಿಸಲು. ಹಾಗಾದರೆ, ತಿಂಗಳಿಗೆ 100 ಘಟಕದ ಆ ಮೊದಲಿನ ಲೆಕ್ಕದಲ್ಲಿ, ಹಿಡಿದಿಡುವ ಹಣ 60ರಿಂದ 30ಕ್ಕೆ ಇಳಿಯುತ್ತದೆ, ಅದೇ 7.2ರ ಉಳಿತಾಯ ಶೇಕಡಾ 24ರ ಹಾಗೆ ಕೆಲಸ ಮಾಡುತ್ತದೆ, ಬ್ಯಾಂಕಿನ ದರ ಆಗ ನಿಜವಾಗಿ ಅಗ್ಗ. ಅಗ್ರಿಗೇಟರ್ ಜೊತೆಗಿನ ನವೀಕರಣದಲ್ಲಿ ಸೇರಿಸಬೇಕಾದ ಷರತ್ತು ಒಂದೇ: ಮುಂದೆಂದಾದರೂ ಗ್ರಾಹಕರ ಕಾರ್ಡ್ ಟೋಕನ್‌ಗಳನ್ನು ಇಟ್ಟುಕೊಳ್ಳುವಂತಾದರೆ, ಸಂಸ್ಥೆ ಬೇರೆ ಸೇವಾದಾರರಿಗೆ ಹೋಗುವಾಗ ಆ ಕಾರ್ಡ್ ವಿವರಗಳನ್ನು ಮಾನದಂಡಕ್ಕೆ ಬದ್ಧವಾದ ಇನ್ನೊಂದು ಸೇವೆಗೆ ನೇರವಾಗಿ ವರ್ಗಾಯಿಸಿಕೊಡಬೇಕು.